ರಿಮ್ ಬದಲಿಸಿದರೆ ಸ್ನೇರ್ ಬದಲಾದೀತೇನ್ರಿ?

ಓದುಗರ ಪ್ರಶ್ನೆ – ವಾದ್ಯ ವಿಭಾಗ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ನೇರ್ ಡ್ರಮ್ಮಿನ (ಕೆಳಗಿನ ಹೆಡ್ಡಿಗೆ ತಂತಿ ತಾಗಿಸಿ ‘ಚರ್ರ್’ ಎನಿಸುವ ಡ್ರಮ್) ಒಂದೇ ಭಾಗದ ಸುತ್ತ ತಿರುಗುತ್ತವೆ. ಹೆಡ್ಡನ್ನು (ಬಾರಿಸುವ ಹಾಳೆ) ಶೆಲ್ಲಿನ (ಡ್ರಮ್ಮಿನ ದುಂಡು ಮೈ) ಮೇಲೆ ಅದುಮಿ ಹಿಡಿಯುವ ಬಳೆಯದು. ಆರ್ಕೆಸ್ಟ್ರಾದವರು ಅದನ್ನು ರಿಮ್ ಅಂತಾರೆ, ಬ್ಯಾಂಡ್ ಕಂಪನಿಯವರು ರಿಂಗ್ ಅಂತಾರೆ, ಡಬ್ಬಿಯ ಮೇಲೆ ಹೂಪ್ ಅಂತ ಅಚ್ಚಾಗಿರುತ್ತದೆ. ಮೂರೂ ಒಂದೇ. ಇಲ್ಲಿ ರಿಮ್ ಅಂತಲೇ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಸ್ನೇರ್ ಹದಿನಾಲ್ಕು ಇಂಚಿಂದು, ಐದೂವರೆ ಇಂಚು ಎತ್ತರ, ಎಂಟು ಬೋಲ್ಟಿಂದು. ಒಂದ್ ಏಟು ಹೊಡದ್ರ ‘ಟೊಂಯ್’ ಅಂತ ಗುಂಗು ಹಿಡಿತೈತಿ. ಡೈಕಾಸ್ಟ್ ರಿಮ್ ಹಾಕ್ರಿ, ಎಲ್ಲಾ ಸರಿ ಆಗತೈತಿ ಅಂತ ಗೆಳೆಯರು ಹೇಳತಾರ. ಖರೇನ? – ಆರ್ಕೆಸ್ಟ್ರಾ ಡ್ರಮ್ಮರ್, ಅಥಣಿ

ಅರ್ಧ ಖರೆ. ಗುಂಗು ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಅದೂ ಅಲ್ಲದೆ ನಿಮ್ಮ ಗುಂಗು ರಿಮ್ಮಿನದೋ ಶ್ರುತಿಯದೋ ಎಂದು ತಿಳಿಯುವ ಮೊದಲು ರೊಕ್ಕ ಬಿಚ್ಚಬೇಡಿ.

ರಿಮ್ಮಿಗೆ ಎರಡು ಕೆಲಸ. ಬೋಲ್ಟುಗಳು ಎಂಟು ಕಡೆ ಮಾತ್ರ ಜಗ್ಗುತ್ತವೆ. ಆ ಜಗ್ಗನ್ನು ಹೆಡ್ಡಿನ ಇಡೀ ಸುತ್ತಿಗೆ ಹಂಚುವುದು ಒಂದು. ರಿಮ್‌ಶಾಟ್ (ರಿಮ್ಮಿಗೂ ಹೆಡ್ಡಿಗೂ ಒಟ್ಟಿಗೇ ಹೊಡೆಯುವ ಏಟು), ಕ್ರಾಸ್ ಸ್ಟಿಕ್ (ಕಡ್ಡಿಯನ್ನು ಹೆಡ್ಡಿನ ಮೇಲೆ ಅಡ್ಡ ಮಲಗಿಸಿ ರಿಮ್ಮಿಗೆ ಬಡಿಯುವುದು) ಬಾರಿಸುವಾಗ ಕಡ್ಡಿಗೆ ಎದುರಾಗುವ ಅಂಚಾಗುವುದು ಇನ್ನೊಂದು. ರಿಮ್ ಎಷ್ಟು ಗಟ್ಟಿ, ಎಷ್ಟು ಭಾರ ಎಂಬುದರ ಮೇಲೆ ಎರಡೂ ನಿಂತಿವೆ.

ನಿಮ್ಮ ಡ್ರಮ್ಮಿನ ಮೇಲಿರುವುದು ಬಹುಶಃ ಟ್ರಿಪಲ್ ಫ್ಲ್ಯಾಂಜ್ ರಿಮ್: ಉಕ್ಕಿನ ತಗಡನ್ನು ಮೂರು ಕಡೆ ಮಡಚಿ ಮಾಡಿದ್ದು, ಮೇಲಂಚು ಹೊರಕ್ಕೆ ಬಾಗಿರುತ್ತದೆ. ಕಡಿಮೆ ದರದ ಕಿಟ್‌ಗಳಲ್ಲಿ ಈ ತಗಡು 1.6 ಮಿ.ಮೀ. ದಪ್ಪ. ಇದು ತುಸು ಬಗ್ಗುತ್ತದೆ, ಹೆಡ್ಡಿನ ಜೊತೆ ತಾನೂ ನಡುಗುತ್ತದೆ. ಹಾಗಾಗಿ ದನಿ ಬಿಚ್ಚಿಕೊಂಡು ಬರುತ್ತದೆ, ಬಾಲ (ಏಟಿನ ನಂತರ ಉಳಿಯುವ ದನಿ) ಉದ್ದ, ಮೇಲುಸ್ವರಗಳು (ಮೂಲ ಸ್ವರದ ಜೊತೆ ಕೇಳುವ ಎತ್ತರದ ಸ್ವರಗಳು) ಹೆಚ್ಚು. ಅದೇ ಆಕಾರದ 2.3 ಮಿ.ಮೀ. ರಿಮ್ ಹಾಕಿದರೆ ಬಗ್ಗುವುದು ಕಡಿಮೆಯಾಗಿ ಏಟಿನ ಮೊನೆ ಸ್ಪಷ್ಟವಾಗುತ್ತದೆ, ಬಾಲ ಒಂದಿಷ್ಟು ಮೊಟಕಾಗುತ್ತದೆ, ದನಿ ಮಾತ್ರ ತೆರೆದೇ ಇರುತ್ತದೆ. ಡೈಕಾಸ್ಟ್ ಎಂದರೆ ಅಚ್ಚಿಗೆ ಎರೆದದ್ದು. ಸಾಮಾನ್ಯವಾಗಿ ಸತುವಿನ ಮಿಶ್ರಲೋಹ. ಮಡಿಕೆ ಇಲ್ಲ, ಮೈ ದಪ್ಪ, ತೂಕ ಜಾಸ್ತಿ. ಅದು ಹೆಡ್ಡಿನ ಅಂಚನ್ನು ಅಲ್ಲಾಡದಂತೆ ಹಿಡಿಯುವುದರಿಂದ ಮೇಲುಸ್ವರ ಕುಗ್ಗಿ ‘ಟಕ್’ ಎಂಬ ಒಣ ದನಿ ಮುಂದೆ ಬರುತ್ತದೆ. ಗ್ರೆಚ್ ಕಂಪನಿಯ ಡ್ರಮ್ಮುಗಳ ಗುರುತಿನ ದನಿಯಲ್ಲಿ ಈ ಡೈಕಾಸ್ಟಿನ ಪಾಲೂ ಇದೆ.

ಈಗ ನಿಮ್ಮ ‘ಟೊಂಯ್’. ಎಂಟು ಬೋಲ್ಟಿನ ಡ್ರಮ್ಮಿನಲ್ಲಿ ಬೋಲ್ಟಿನಿಂದ ಬೋಲ್ಟಿಗೆ ದೂರ ಹೆಚ್ಚು, ನಡುವೆ ತೆಳು ರಿಮ್ ಮೇಲೇಳುತ್ತದೆ, ಹೆಡ್ ಅಲ್ಲಿ ಸಡಿಲ. ಪಕ್ಕಪಕ್ಕದ ಜಾಗಗಳು ಬೇರೆ ಬೇರೆ ಸ್ವರ ಹಿಡಿದರೆ ಅವು ಒಂದಕ್ಕೊಂದು ಜಗಳಾಡುತ್ತವೆ. ಆ ಜಗಳವೇ ನಿಮಗೆ ಕೇಳುವ ಗುಂಗು. ಹೀಗೆ ಮಾಡಿ ನೋಡಿ:

ಮೇಲಿನ ಹೆಡ್ ಪೂರ್ತಿ ಬಿಚ್ಚಿ, ಶೆಲ್ಲಿನ ಅಂಚನ್ನು ಒಣ ಬಟ್ಟೆಯಿಂದ ಒರೆಸಿ. ಹೆಡ್ ಹಳೆಯದಾಗಿ ನಡುವೆ ತಗ್ಗು ಬಿದ್ದಿದ್ದರೆ ಹೊಸದು ಹಾಕಿ. ಮೇಲಕ್ಕೆ 10 ಮಿಲ್, ಅಂದರೆ ಕಾಲು ಮಿಲಿಮೀಟರ್ ದಪ್ಪದ ಕೋಟೆಡ್ (ಒರಟು ಲೇಪದ) ಹೆಡ್ ಸಾಕು. ಬೋಲ್ಟಿನ ಹಲ್ಲುಗಳಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಎಂಟನ್ನೂ ಬೆರಳಲ್ಲೇ ನಿಲ್ಲುವ ತನಕ ತಿರುಗಿಸಿ. ಆಮೇಲೆ ಗಡಿಯಾರದಂತೆ ಒಂದರಿಂದ ಎಂಟು ಎಂದು ಎಣಿಸಿಕೊಂಡು 1–5, 3–7, 2–6, 4–8 ಈ ಜೋಡಿಗಳಲ್ಲಿ ಕೀಯಿಂದ (ಬೋಲ್ಟ್ ತಿರುಗಿಸುವ ಚಾವಿ) ಅರ್ಧ ಅರ್ಧ ಸುತ್ತು. ಹತ್ತು ಬೋಲ್ಟಿದ್ದವರಿಗೆ 1–6, 4–9, 2–7, 5–10, 3–8. ಇಂಥ ಎರಡು ವರಸೆ ಆದ ಮೇಲೆ ಕಾಲು ಸುತ್ತಿಗಿಳಿಯಿರಿ. ಬೆರಳಿಂದ ನಿಂತ ಜಾಗದಿಂದ ಒಟ್ಟು ಒಂದೂವರೆ–ಎರಡು ಸುತ್ತಿಗೆ ಸ್ನೇರ್ ಸಾಮಾನ್ಯವಾಗಿ ಹದಕ್ಕೆ ಬರುತ್ತದೆ. ಕೊನೆಗೆ ಸ್ನೇರ್ ತಂತಿ ಕಳಚಿಟ್ಟು, ಹೆಡ್ಡಿನ ನಡುವೆ ಒಂದು ಬೆರಳು ಮೆಲ್ಲಗೆ ಇಟ್ಟು, ಪ್ರತಿ ಬೋಲ್ಟಿನಿಂದ ಒಂದಿಂಚು ಒಳಗೆ ಕಡ್ಡಿಯ ತುದಿಯಿಂದ ಬಡಿದು ಕೇಳಿ. ಎಂಟೂ ಕಡೆ ಒಂದೇ ಸ್ವರ ಬರಬೇಕು. ತಗ್ಗಿದ್ದ ಕಡೆ ಏರಿಸುವಾಗ ಅದರ ಎದುರಿನದನ್ನೂ ಕೇಳಿ, ಅದೂ ಹೊರಳಿರುತ್ತದೆ.

ಇಷ್ಟಾದ ಮೇಲೂ ಗುಂಗು ಉಳಿದರೆ 2.3 ಮಿ.ಮೀ. ರಿಮ್ ಮೇಲ್ಗಡೆ ಹಾಕಿ. ಡೈಕಾಸ್ಟ್ ನಿಮ್ಮ ಡ್ರಮ್ಮಿಗೆ ಬೇಡ ಎನ್ನಲು ಕಾರಣವಿದೆ: ಅದು ಗಟ್ಟಿಯಾದ್ದರಿಂದ ಒಂದು ಬೋಲ್ಟ್ ತಿರುಗಿಸಿದರೆ ಅಕ್ಕಪಕ್ಕದ ಎರಡೂ ಜಾಗ ಅದರ ಜೊತೆ ಇಳಿಯುತ್ತವೆ. ಶೆಲ್ಲಿನ ಅಂಚು ಸಮ ಇದ್ದರೆ ಇದು ವರ. ಬೇಗ ಸಮಶ್ರುತಿ ಬರುತ್ತದೆ. ಅಗ್ಗದ ಶೆಲ್ಲಿನ ಅಂಚು ತುಸು ಡೊಂಕಿದ್ದರೆ, ತೆಳು ರಿಮ್ಮಾದರೂ ಆ ಡೊಂಕಿಗೆ ಹೊಂದಿಕೊಳ್ಳುತ್ತಿತ್ತು. ಡೈಕಾಸ್ಟ್ ಹೊಂದಿಕೊಳ್ಳುವುದಿಲ್ಲ, ಯಾವುದೋ ಒಂದು ಬೋಲ್ಟ್ ಸಡಿಲವೇ ಉಳಿಯುತ್ತದೆ. ಹೆಡ್ಡಿನ ಅಂಚಿಗೆ ಎರಡಿಂಚಿನ ಟೇಪ್ ತುಂಡು ಅಂಟಿಸಿದರೆ ಆಗುವ ಕೆಲಸಕ್ಕೆ ಡೈಕಾಸ್ಟ್ ಕೊಳ್ಳುವುದು ಸೊಳ್ಳೆ ಹೊಡೆಯಲು ಒನಕೆ ತಂದಂತೆ.

ಪ್ರಶ್ನೆ: ಖಡೇಬಜಾರದಾಗ ‘ಫೋರ್ಟೀನ್ ಇಂಚ್ ರಿಮ್’ ಅಂತ ಕೇಳಿ ತಂದೆ. ಮನಿಗೆ ಬಂದು ನೋಡಿದ್ರ ತೂತ ಕೂಡವಲ್ಲವು. ಅಂಗಡಿಯವ ವಾಪಸ್ ತಗೊಳ್ಳೂದಿಲ್ಲ ಅಂದ. ಕೊಳ್ಳುವಾಗ ಏನೇನು ಹೇಳಬೇಕ್ರಿ? – ಕಾಲೇಜು ವಿದ್ಯಾರ್ಥಿ, ಬೈಲಹೊಂಗಲ

ನಾಲ್ಕು ಮಾತು ಹೇಳಬೇಕು: ವ್ಯಾಸ, ತೂತಿನ ಸಂಖ್ಯೆ, ದಪ್ಪ, ಮೇಲಿನದೋ ಕೆಳಗಿನದೋ. ಹದಿನಾಲ್ಕು ಇಂಚಿನಲ್ಲಿ ಎಂಟು ತೂತಿನದೂ ಇದೆ, ಹತ್ತರದೂ ಇದೆ. ಎಂಟರ ರಿಮ್ ಹತ್ತರ ಶೆಲ್ಲಿಗೆ ಯಾವ ದೇವರಿಗೆ ಹರಕೆ ಹೊತ್ತರೂ ಕೂಡುವುದಿಲ್ಲ. ದಪ್ಪ ಅಳೆಯಲು ವರ್ನಿಯರ್ ಕ್ಯಾಲಿಪರ್ ಬೇಕು, ಯಾವುದಾದರೂ ಲೇತ್ ವರ್ಕ್‌ಶಾಪಿನಲ್ಲಿ ಒಂದು ನಿಮಿಷದ ಕೆಲಸ. ಕ್ರೋಮ್ ಲೇಪ ಸೇರಿ ಅಳತೆ ಕೂದಲೆಳೆಯಷ್ಟು ಹೆಚ್ಚು ಬಂದೀತು. ಕ್ಯಾಲಿಪರ್ ಸಿಗದಿದ್ದರೆ ಎರಡು ರಿಮ್ಮುಗಳನ್ನು ಕೈಯಲ್ಲಿ ತೂಗಿ ನೋಡಿ, 2.3ರದು ಕೂಡಲೇ ಗೊತ್ತಾಗುತ್ತದೆ.

ಹೆಚ್ಚಿನವರು ಎಡವುವುದು ನಾಲ್ಕನೆಯದರಲ್ಲಿ. ಕೆಳಗಿನ ರಿಮ್ಮಿನಲ್ಲಿ ಸ್ನೇರ್ ತಂತಿಯ ದಾರ ಅಥವಾ ಪಟ್ಟಿ ದಾಟಲು ಎದುರುಬದುರು ಎರಡು ಕಂಡಿ ಇರುತ್ತವೆ. ಮೇಲಿನ ರಿಮ್ಮನ್ನೇ ಕೆಳಗೆ ಹಾಕಿದರೆ ಪಟ್ಟಿ ರಿಮ್ಮಿನಡಿ ಸಿಕ್ಕಿಹಾಕಿಕೊಂಡು ತಂತಿ ಹೆಡ್ಡಿಗೆ ಸಮ ಕೂರುವುದಿಲ್ಲ. ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ‘ಚರ್ರ್’ ಎನ್ನಬೇಕಾದ್ದು ‘ಸೊರ್ರ್’ ಎನ್ನುತ್ತದೆ. ಸರಿಯಾದ ರಿಮ್ ತಂದೂ ಒಂದು ತೂತು ಆಚೀಚೆ ತಿರುಗಿಸಿ ಕೂರಿಸಿದರೆ ಕಂಡಿಗಳು ಸ್ಟ್ರೇನರಿನ (ಶೆಲ್ಲಿನ ಮೇಲಿರುವ, ತಂತಿ ಬಿಗಿಸುವ ಸಲಕರಣೆ) ನೇರಕ್ಕೆ ಬರುವುದಿಲ್ಲ, ಅದೇ ಗೋಳು. ಮೊದಲು ಸ್ಟ್ರೇನರ್ ನೋಡಿ, ಅದರ ನೇರಕ್ಕೆ ಕಂಡಿ ಇಟ್ಟು, ಆಮೇಲೆ ಬೋಲ್ಟ್ ಹಾಕಿ.

ಹಳೆಯ ಸ್ನೇರ್ ಇದ್ದವರಿಗೆ ಇನ್ನೊಂದು ಮಾತು. ಶೆಲ್ಲನ್ನೋ ಹಳೆಯ ಹೆಡ್ಡನ್ನೋ ಅಂಗಡಿಗೇ ಒಯ್ಯಿರಿ. ಕೆಲವು ಹಳೆಯ ಶೆಲ್ಲುಗಳ ಹೊರಸುತ್ತು ಇಂದಿನ ಅಳತೆಗಿಂತ ತುಸು ದೊಡ್ಡದು. ಟ್ರಿಪಲ್ ಫ್ಲ್ಯಾಂಜ್ ಹೇಗೋ ಕೂರುತ್ತದೆ. ಡೈಕಾಸ್ಟಿನ ಒಳಸುತ್ತು ಬಿಗಿಯಾದ್ದರಿಂದ ಹೆಡ್ಡಿನ ಬಳೆಯನ್ನೇ ಕಚ್ಚಿ ಹಿಡಿಯುತ್ತದೆ. ಹಾಗೆ ಕಚ್ಚಿದರೆ ಬೋಲ್ಟ್ ಎಷ್ಟು ತಿರುಗಿಸಿದರೂ ಹೆಡ್ ಬಿಗಿಯಾಗುವುದಿಲ್ಲ. ಸುತ್ತಿಗೆ ಹಿಡಿಯಬೇಡಿ, ವಾಪಸ್ ಕೊಡಿ.

ಪ್ರಶ್ನೆ: ಡೈಕಾಸ್ಟ್ ಹಾಕಿಸಿ ಎರಡು ತಿಂಗಳಾತು. ರಿಮ್‌ಶಾಟ್ ಪಿಸ್ತೂಲ್ ಹಂಗ ಬರತೈತಿ, ಖುಷಿ ಐತಿ. ಆದ್ರ ಕಡ್ಡಿ ಭಾಳ ಮುರಿಯಾಕ ಹತ್ಯಾವು, ಮಣಿಕಟ್ಟು ನೋಯತೈತಿ. – ವಿಜಯಪುರ

ಖುಷಿಯೂ ನೋವೂ ಒಂದೇ ಕಾರಣಕ್ಕೆ. ಬಗ್ಗುವ ರಿಮ್ ಏಟಿನ ಒಂದಿಷ್ಟನ್ನು ತಾನೇ ನುಂಗುತ್ತದೆ. ಬಗ್ಗದ ರಿಮ್ ಅಷ್ಟನ್ನೂ ಕಡ್ಡಿಗೆ, ಕಡ್ಡಿಯ ಮೂಲಕ ಕೈಗೆ ಹಿಂದಿರುಗಿಸುತ್ತದೆ. ಹಳೆಯ ರಿಮ್ಮಿಗೆ ಹಾಕುತ್ತಿದ್ದ ಬಲವನ್ನೇ ಹಾಕುತ್ತಿದ್ದೀರಿ ಅಂತ ಕಾಣುತ್ತದೆ. ಡೈಕಾಸ್ಟಿಗೆ ಅಷ್ಟು ಬೇಡ.

ಇನ್ನೊಂದು ಸಂಗತಿ ರಿಮ್ಮಿನ ಎತ್ತರ. ಹೆಡ್ಡಿನ ಮೈಯಿಂದ ರಿಮ್ಮಿನ ಮೇಲಂಚಿಗೆ ಎಷ್ಟು ಮಿಲಿಮೀಟರ್ ಎಂದು ಹಳೆಯದರಲ್ಲೂ ಹೊಸದರಲ್ಲೂ ಅಳೆಯಿರಿ. ಎರಡು–ಮೂರು ಮಿ.ಮೀ. ವ್ಯತ್ಯಾಸವೂ ರಿಮ್‌ಶಾಟಿನ ಕೋನ ಕೆಡಿಸುತ್ತದೆ: ರಿಮ್ ತಗ್ಗಾದರೆ ಕಡ್ಡಿ ಮಲಗಬೇಕು, ಎತ್ತರವಾದರೆ ಕಡ್ಡಿಯ ಹಿಂಬದಿ ಏರಬೇಕು. ಕೈ ಹಳೆಯ ಕೋನದಲ್ಲೇ ಇಳಿದರೆ ಕಡ್ಡಿಯ ಕುತ್ತಿಗೆ ಮೊದಲು ರಿಮ್ಮಿಗೆ ಬಡಿದು, ತುದಿ ಹೆಡ್ಡಿಗೆ ತಡವಾಗಿ ತಾಗುತ್ತದೆ. ಮುರಿಯುವುದು ಅಲ್ಲೇ. ಮುರಿದ ಕಡ್ಡಿ ತೆಗೆದು ನೋಡಿ: ತುದಿಯಿಂದ ಮೂರು–ನಾಲ್ಕು ಇಂಚಿನಲ್ಲಿ, ತೆಳ್ಳಗಾಗುತ್ತ ಬರುವ ಭಾಗದಲ್ಲಿ ಗಾಯವಿದ್ದರೆ ಕೋನದ ತಪ್ಪು. ಇನ್ನೂ ಹಿಂದೆ, ದಪ್ಪ ಮೈಯಲ್ಲಿ ಕಚ್ಚಿದ ಗುರುತಿದ್ದರೆ ಅದು ಸಹಜ ಸವೆತ.

ಸ್ನೇರ್ ಸ್ಟ್ಯಾಂಡನ್ನು ಒಂದು ಸೆಂಟಿಮೀಟರ್ ಇಳಿಸಿ ಅಥವಾ ಏರಿಸಿ ನೋಡಿ, ಅಥವಾ ಸ್ನೇರನ್ನು ನಿಮ್ಮ ಕಡೆಗೆ ಕೊಂಚ ವಾಲಿಸಿ. ಮೆಲ್ಲಗೆ, ತುದಿ ಮತ್ತು ಮೈ ಎರಡೂ ಒಂದೇ ಕ್ಷಣಕ್ಕೆ ತಾಗುವ ಜಾಗ ಸಿಗುವ ತನಕ ಬಾರಿಸಿ. ಸಿಕ್ಕ ಮೇಲೆ ಬಲ ಹೆಚ್ಚಿಸಿ. ಹೆಡ್ಡಿನ ಬಿಗಿ ಏರಿಸಿದಾಗ ರಿಮ್ ಇಳಿಯುತ್ತದೆ ಎಂಬುದನ್ನೂ ಮರೆಯಬೇಡಿ. ಸಾಮಾನ್ಯ ಬೋಲ್ಟುಗಳು 12–24 ಎಂಬ ಹಲ್ಲಿನವು, ಇಂಚಿಗೆ 24 ಹಲ್ಲು. ಒಂದು ಪೂರ್ತಿ ಸುತ್ತಿಗೆ ರಿಮ್ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಕೆಳಗೆ ಹೋಗುತ್ತದೆ. ಶ್ರುತಿ ಬದಲಿಸಿದ ದಿನ ಕೋನವೂ ಬದಲಾಗುತ್ತದೆ.

ಇಷ್ಟಾದರೂ ಮಣಿಕಟ್ಟಿನ ನೋವು ನಿಲ್ಲದಿದ್ದರೆ ಡೈಕಾಸ್ಟ್ ತೆಗೆದು 2.3ಕ್ಕೆ ಬನ್ನಿ, ಅದರಲ್ಲಿ ಸೋಲೇನಿಲ್ಲ. ಮೇಲಂಚು ಹೊರಕ್ಕಲ್ಲದೆ ಒಳಕ್ಕೆ ಬಾಗಿದ ರಿಮ್ಮುಗಳೂ ಇವೆ. ಹಿಂದೆ ಸ್ಲಿಂಗರ್‌ಲ್ಯಾಂಡ್ ಕಂಪನಿ ‘ಸ್ಟಿಕ್ ಸೇವರ್’ ಎಂದು ಮಾಡುತ್ತಿತ್ತು, ಈಗ ‘ಎಸ್ ಹೂಪ್’ ಎಂಬ ಹೆಸರಲ್ಲಿ ಸಿಗುತ್ತವೆ. ಕಡ್ಡಿ ಹರಿತ ಅಂಚಿಗಲ್ಲ, ದುಂಡು ಬಾಗಿಗೆ ತಾಗುವುದರಿಂದ ಬಾಳಿಕೆ ಹೆಚ್ಚು. ಒಳಮಡಿಕೆಯಿಂದ ಗಟ್ಟಿತನವೂ ಬರುತ್ತದೆ. ದನಿಯಲ್ಲಿ ಅದು 2.3ಕ್ಕೂ ಡೈಕಾಸ್ಟಿಗೂ ನಡುವಿನದು.

ಪ್ರಶ್ನೆ: ಚರ್ಚಿನಲ್ಲಿ ಮೆಲ್ಲನೆಯ ಹಾಡುಗಳಿಗೆ ಕ್ರಾಸ್ ಸ್ಟಿಕ್ ಹೆಚ್ಚು ಬಳಸುತ್ತೇನೆ. ದನಿ ಸಣಕಲಾಗಿದೆ. ಮರದ ರಿಮ್ ಒಳ್ಳೆಯದು ಎನ್ನುತ್ತಾರೆ. ನಮ್ಮ ಮಳೆಗೆ ತಾಳುತ್ತದೆಯೇ? – ಕ್ಯಾಂಪ್, ಬೆಳಗಾವಿ

ಕ್ರಾಸ್ ಸ್ಟಿಕ್ ಒಂದಕ್ಕಾಗಿ ಯಾರಾದರೂ ರಿಮ್ ಬದಲಿಸುತ್ತೇವೆ ಎಂದರೆ ನಾವು ಹೂಂ ಅನ್ನುವುದು ಮರಕ್ಕೇ. ದಪ್ಪ ಮೇಪಲ್ ಬಳೆಗೆ ಕಡ್ಡಿ ತಾಗಿದಾಗ ಮರಕ್ಕೆ ಮರ ಕೂಡಿ ‘ಟೊಕ್’ ಎಂಬ ತುಂಬಿದ ದನಿ ಬರುತ್ತದೆ. ತೆಳು ಉಕ್ಕಿನದು ‘ಟಿಕ್’. ಡೈಕಾಸ್ಟ್ ನಡುವಿನದು, ಜೋರು ಹೆಚ್ಚು. ಹೆಡ್ಡಿನ ಏಟಿಗೆ ಮರದ ರಿಮ್ ತುಸು ಬೆಚ್ಚಗಿನ, ಮೊನೆ ಮಸುಕಾದ ದನಿ ಕೊಡುತ್ತದೆ. ಚರ್ಚಿನ ಗೋಡೆಗಳ ಪ್ರತಿಧ್ವನಿಯಲ್ಲಿ ಅದು ಒಳ್ಳೆಯದೇ.

ತೊಡಕುಗಳಿವೆ. ಮರ ದಪ್ಪ, ಆದ್ದರಿಂದ ಅಂಚು ಅಗಲ. ರಿಮ್‌ಶಾಟಿಗೆ ಕೈ ಮತ್ತೆ ಕಲಿಯಬೇಕು. ಕೆಲವಕ್ಕೆ ಬಾಸ್ ಡ್ರಮ್ಮಿನಂತೆ ಕೊಕ್ಕೆಗಳು ಬೇಕು, ಬೋಲ್ಟೂ ಉದ್ದ ಬೇಕಾಗಬಹುದು. ಕೊಕ್ಕೆ, ಬೋಲ್ಟ್ ಜೊತೆಗೇ ಬರುತ್ತವೆಯೇ ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ರಿಮ್ ಬಂದು ಕಪಾಟಿನಲ್ಲಿ ಕೂರುತ್ತದೆ.

ಮಳೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿ, ಖಾನಾಪುರದ ಗಾಳಿಯಲ್ಲಿ ಗೋಡೆಯೇ ಬೆವರುತ್ತದೆ. ಮರ ತೇವ ಹೀರಿ ಉಬ್ಬುತ್ತದೆ. ಅದೇ ರಿಮ್ಮನ್ನು ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲಿಗೆ ಒಯ್ದರೆ ಒಣಗಿ ಕುಗ್ಗುತ್ತದೆ. ಹಲವು ಪದರ ಅಂಟಿಸಿ ಮಾಡಿದ, ಒಳಮೈಗೂ ತೂತಿನ ಅಂಚಿಗೂ ವಾರ್ನಿಶ್ ಬಳಿದ ರಿಮ್ ಇದನ್ನು ತಡೆಯುತ್ತದೆ. ಒಳಗೆ ಬರಿಮರ ಕಂಡರೆ ಬೇಡ ಅನ್ನಿ. ಡ್ರಮ್ಮನ್ನು ಚರ್ಚಿನ ಕಲ್ಲು ನೆಲದ ಮೇಲೆ ಬಿಡದೆ ಚೀಲದಲ್ಲಿಟ್ಟು ಎತ್ತರದಲ್ಲಿಡಿ. ತಿಂಗಳಿಗೊಮ್ಮೆ ರಿಮ್ ಹೆಡ್ಡಿನ ಮೇಲೆ ಸುತ್ತಲೂ ಒಂದೇ ಎತ್ತರ ಇದೆಯೇ ಎಂದು ಅಳೆಯಿರಿ.

ಮರ ಕೊಳ್ಳುವ ಮುಂಚೆ ಒಂದು ಪುಕ್ಕಟೆ ಪ್ರಯೋಗ: ಕಡ್ಡಿಯನ್ನು ತಿರುಗಿಸಿ, ದಪ್ಪ ತುದಿ ರಿಮ್ಮಿನ ಕಡೆ ಬರುವಂತೆ ಹಿಡಿದು, ರಿಮ್ಮಿನಾಚೆ ಚಾಚುವ ಉದ್ದವನ್ನು ಅರ್ಧರ್ಧ ಇಂಚು ಬದಲಿಸುತ್ತ ಬಾರಿಸಿ. ಒಂದು ಜಾಗದಲ್ಲಿ ದನಿ ತಟ್ಟನೆ ತುಂಬಿಕೊಳ್ಳುತ್ತದೆ. ಆ ಜಾಗಕ್ಕೆ ಕಡ್ಡಿಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಅರ್ಧ ಜನಕ್ಕೆ ಇಷ್ಟರಲ್ಲೇ ಸಮಾಧಾನವಾದೀತು.

ಪ್ರಶ್ನೆ: ನಮ್ಮದು ಮದುವಿ ಬ್ಯಾಂಡ್ ಕಂಪನಿ. ಸೈಡ್ ಡ್ರಮ್ಮಿನ (ಹೆಗಲಿಗೆ ಹಾಕೊಂಡು ಬಾರಸೋ ಸ್ನೇರ್) ರಿಂಗ್ ಸೊಟ್ಟ ಆಗ್ಯಾವು. ಮೆರವಣಿಗಿ ಅರ್ಧಕ್ಕ ಬರೂದ್ರಾಗ ಬೋಲ್ಟ್ ಸಡ್ಲ ಆಗಿ ದನಿ ಬೀಳತೈತಿ. ಬಡದು ನೆಟ್ಟಗ ಮಾಡಬಹುದೇನ್ರಿ? – ಗೋಕಾಕ

ಬಡಿದು ನೆಟ್ಟಗೆ ಮಾಡಿದ್ದು ಎರಡು ಮದುವೆಗೆ ಬರುತ್ತದೆ, ಮೂರನೆಯದಕ್ಕೆ ಮತ್ತೆ ಸೊಟ್ಟ. ಮೊದಲು ಎಷ್ಟು ಸೊಟ್ಟ ಎಂದು ನೋಡಿ. ಮನೆಯಲ್ಲಿ ಪಾಲಿಶ್ ಮಾಡಿದ ಇಳಕಲ್ ಗ್ರಾನೈಟಿನ ಅಡುಗೆಕಟ್ಟೆ ಇದ್ದರೆ ಅದಕ್ಕಿಂತ ಒಳ್ಳೆ ಸಮತಟ್ಟು ಬೇಕಿಲ್ಲ. ದಪ್ಪ ಗಾಜೂ ನಡೆಯುತ್ತದೆ. ಹೆಡ್ಡಿನ ಮೇಲೆ ಕೂರುವ ಅಂಚು ಕೆಳಗಾಗುವಂತೆ ರಿಮ್ ಇಟ್ಟು ಸುತ್ತಲೂ ಒತ್ತಿ. ಟಕಟಕ ಅಲ್ಲಾಡಿದರೆ ಸಂದಿಯಲ್ಲಿ ಝೆರಾಕ್ಸ್ ಹಾಳೆ ತೂರಿಸಿ ಎಣಿಸಿ. ಒಂದು ಹಾಳೆ ಸುಮಾರು 0.1 ಮಿ.ಮೀ. ಐದು ಹಾಳೆಯ ಒಳಗಿದ್ದರೆ ಚಿಂತೆ ಬೇಡ, ಅದು ಬೋಲ್ಟಿನ ಅರ್ಧ ಸುತ್ತಿನಷ್ಟು ಮಾತ್ರ, ಶ್ರುತಿಯಲ್ಲಿ ಸರಿದೂಗುತ್ತದೆ. ಹದಿನೈದು ಹಾಳೆ ಹೋದರೆ ಗುಜರಿಗೆ ಹಾಕಿ. ಆಮೇಲೆ ಟೇಪಿನಿಂದ ವ್ಯಾಸವನ್ನು ನಾಲ್ಕು ದಿಕ್ಕಿನಲ್ಲಿ ಅಳೆಯಿರಿ, ಎರಡು ಮಿ.ಮೀ.ಗಿಂತ ಹೆಚ್ಚು ಫರಕಿದ್ದರೆ ರಿಮ್ ಮೊಟ್ಟೆಯಾಗಿದೆ, ಅದೂ ಬೇಡ.

ಸೊಟ್ಟ ಯಾಕಾಗುತ್ತದೆ ಎಂದರೆ, ಬೀದಿಯಲ್ಲಿ ದನಿ ಬಿದ್ದಾಗ ಕೈಗೆ ಸಿಕ್ಕ ಒಂದೇ ಬೋಲ್ಟನ್ನು ಎರಡು–ಮೂರು ಸುತ್ತು ಬಿಗಿಯುತ್ತಾರೆ. ತೆಳು ತಗಡು ಅಲ್ಲಿ ಕುಸಿಯುತ್ತದೆ. ಎಷ್ಟೇ ಅವಸರವಿದ್ದರೂ ಒಂದು ಬಿಗಿದರೆ ಅದರ ಎದುರಿನದೂ ಬಿಗಿಯಿರಿ, ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ಬೇಡ. ಗಾಡಿಯಲ್ಲಿ ಡ್ರಮ್ಮಿನ ಮೇಲೆ ಡ್ರಮ್ ಪೇರಿಸುವುದು ಇನ್ನೊಂದು ಕಾರಣ.

ಬೋಲ್ಟ್ ಸಡಿಲಾಗುವುದಕ್ಕೆ: ರಿಮ್‌ಶಾಟ್ ಬೀಳುವ ಜಾಗದ ಎರಡು ಬೋಲ್ಟುಗಳೇ ಮೊದಲು ಬಿಚ್ಚಿಕೊಳ್ಳುತ್ತವೆ. ಏಟಿಗೆ ರಿಮ್ ಇಳಿದ ಕ್ಷಣ ಆ ಬೋಲ್ಟಿನ ಮೇಲಿನ ಎಳೆತ ಸಡಿಲಾಗಿ ಹಲ್ಲು ಜಾರುತ್ತದೆ. ರಿಮ್ ದಪ್ಪವಾದಷ್ಟೂ ಇದು ಕಡಿಮೆ. ಆ ಎರಡು ಬೋಲ್ಟಿನ ಹಲ್ಲಿಗೆ ನಲ್ಲಿ ಕೆಲಸದವರ ಬಿಳಿ ಟೆಫ್ಲಾನ್ ಟೇಪ್ ಎರಡು ಸುತ್ತು ಹಾಕಿ. ಅವಕ್ಕೆ ಎಣ್ಣೆ ಬೇಡ. ತಲೆಯಡಿ ವಾಷರ್ ಕಳೆದುಹೋಗಿದ್ದರೆ ನೈಲಾನ್ ವಾಷರ್ ಹಾಕಿ. ಹೊಸ ರಿಂಗ್ ಕೊಳ್ಳುವಾಗ ಬೀದಿಯ ಕೆಲಸಕ್ಕೆ 2.3 ಮಿ.ಮೀ. ಮಡಿಕೆಯದೇ ತಗೊಳ್ಳಿ. ಸತುವಿನ ಡೈಕಾಸ್ಟ್ ಹೆಗಲಿಗೆ ಭಾರ. ಅಲ್ಲದೆ ಉಕ್ಕು ಬಿದ್ದರೆ ಬಗ್ಗುತ್ತದೆ, ಎರಕ ಬಿದ್ದರೆ ಬಿರುಕು ಬಿಡಬಹುದು.

ಪ್ರಶ್ನೆ: ಸೈನ್ಯದ ಬ್ಯಾಂಡಿನ ಸೈಡ್ ಡ್ರಮ್ಮಿನಂತೆ ಗರಿಗರಿ ದನಿ ನಮ್ಮ ಶಾಲೆಯ ಡ್ರಮ್ಮಿಗೂ ಬರಿಸಬಹುದೇ? – ಶಿಕ್ಷಕರು, ಕಿತ್ತೂರು

ಪೂರ್ತಿ ಬರುವುದಿಲ್ಲ, ಪ್ರಯತ್ನವೂ ಬೇಡ. ಅತಿ ಬಿಗಿಯ ಮೆರವಣಿಗೆ ಸ್ನೇರುಗಳಿಗೆ ಸಾಮಾನ್ಯವಾಗಿ ಹನ್ನೆರಡು ಬೋಲ್ಟ್, ದಪ್ಪ ಎರಕದ ರಿಮ್, ಕೆವ್ಲಾರ್ ಜಾತಿಯ ನಾರಿನ ಹೆಡ್ ಇರುತ್ತವೆ. ಆರೆಂಟು ಬೋಲ್ಟಿನ ಶಾಲೆಯ ಡ್ರಮ್ಮನ್ನು ಆ ಬಿಗಿಗೆ ಎಳೆದರೆ ಮೊದಲು ರಿಮ್, ಆಮೇಲೆ ಲಗ್ (ಬೋಲ್ಟ್ ಕಚ್ಚಿಕೊಳ್ಳುವ ಶೆಲ್ಲಿನ ಮೇಲಿನ ಹಿಡಿ), ಕೊನೆಗೆ ಶೆಲ್ ಹೋಗುತ್ತದೆ. ಕೆಳಗಿನ ತೆಳು ಹೆಡ್ಡನ್ನು (3 ಮಿಲ್‌ನದು) ಮೇಲಿನದಕ್ಕಿಂತ ಎತ್ತರದ ಸ್ವರಕ್ಕೆ ಕಟ್ಟಿ, ತಂತಿ ಸಡಿಲವೂ ಅಲ್ಲದ ಉಸಿರುಕಟ್ಟುವಷ್ಟು ಬಿಗಿಯೂ ಅಲ್ಲದ ಹದದಲ್ಲಿಡಿ. ಆಗಸ್ಟ್ 15ರ ಕವಾಯತಿಗೆ ಅಷ್ಟು ಸಾಕು.

ಪ್ರಶ್ನೆ: ಮ್ಯಾಲೊಂದು ಕೆಳಗೊಂದು ಬ್ಯಾರೆ ಬ್ಯಾರೆ ಜಾತಿ ರಿಮ್ ಹಾಕಿದ್ರ ನಡೀತೈತೇನ್ರಿ? – ಜಮಖಂಡಿ

ಧಾರಾಳವಾಗಿ. ಮೇಲೆ ಡೈಕಾಸ್ಟ್, ಕೆಳಗೆ ಟ್ರಿಪಲ್ ಫ್ಲ್ಯಾಂಜ್ ಹಾಕುವುದು ಬಹಳ ಜನರ ಪದ್ಧತಿ: ಏಟು ಮೊನಚಾಗುತ್ತದೆ, ಕೆಳಗಿನ ಹೆಡ್ ಮತ್ತು ತಂತಿ ಬಿಚ್ಚಿಕೊಂಡು ಉಲಿಯುತ್ತವೆ. ಎರಡೂ ಕಡೆ ಡೈಕಾಸ್ಟ್ ಮಾಡಿದರೆ ಸಣ್ಣ ಸಭಾಂಗಣದಲ್ಲಿ ದನಿ ತೀರಾ ಒಣಗುತ್ತದೆ. ಒಂದೇ ಕೊಳ್ಳುವ ಶಕ್ತಿ ಇದ್ದರೆ ಮೇಲಿನದೇ ಕೊಳ್ಳಿ. ಕೈಗೂ ಕಿವಿಗೂ ಹೆಚ್ಚು ಗೊತ್ತಾಗುವುದು ಅದೇ.

ಪ್ರಶ್ನೆ: ಹಿತ್ತಾಳಿ, ಅಲ್ಯೂಮಿನಿಯಂ ರಿಮ್ ಹೆಂಗ್ರಿ? – ಇಂಡಿ

ಅಲ್ಯೂಮಿನಿಯಂ ಎರಕ ಹಗುರ, ಸತುವಿನದಕ್ಕಿಂತ ದನಿ ತುಸು ತೆರೆದದ್ದು. ಹೆಗಲಿಗೆ ಹಾಕಿಕೊಂಡು ಬಾರಿಸುವವರಿಗೆ ಲಾಭ. ಹಿತ್ತಾಳೆಯ ವ್ಯತ್ಯಾಸ ಸ್ಟುಡಿಯೊ ಮೈಕಿಗೆ ಗೊತ್ತಾದೀತು, ಜಾತ್ರೆಯ ಸ್ಪೀಕರಿಗೆ ಗೊತ್ತಾಗದು.

ಪ್ರಶ್ನೆ: ಹೋಳಿಗೆ ನಮ್ಮ ಓಣ್ಯಾಗ ಹಲಗಿ ಬಾರಸ್ತೀವಿ. ಹಲಗಿಗೂ ಇಂಥಾ ಎತ್ತರದ ರಿಮ್ ಕೂಡಿಸಿದ್ರ ರಿಮ್‌ಶಾಟ್ ಬರತಾವೇನ್ರಿ? – ಬಾಗಲಕೋಟೆ

ರಿಮ್‌ಶಾಟ್ ಬಂದೀತು, ಹಲಗಿ ಹೋದೀತು. ಹಲಗಿಯಲ್ಲಿ ಎಡಗೈಯ ತೆಳು ಕಡ್ಡಿ ಚೌಕಟ್ಟಿನ ಅಂಚಿನಿಂದಲೇ ಚರ್ಮದ ಮೇಲೆ ಮಲಗಿ ಬಡಿಯುತ್ತದೆ. ಅಂಚು ಚರ್ಮದ ಮಟ್ಟಕ್ಕೇ ಇರುವುದರಿಂದ ಅದು ಸಾಧ್ಯ. ಅಲ್ಲಿ ಒಂದು ಸೆಂಟಿಮೀಟರ್ ಎತ್ತರದ ಬಳೆ ಎದ್ದರೆ ಆ ಕಡ್ಡಿ ಚರ್ಮವನ್ನು ಮುಟ್ಟುವುದೇ ಇಲ್ಲ, ‘ಚಟಚಟ’ ನಿಂತು ಬಲಗೈಯ ‘ಧಣ್’ ಮಾತ್ರ ಉಳಿಯುತ್ತದೆ. ನಟ್ಟು–ಬೋಲ್ಟ್ ಹಾಕಿ ಪ್ಲಾಸ್ಟಿಕ್ ಹೆಡ್ ಬಿಗಿಯುವ ಹಲಗಿ ಬೇಕೇ ಬೇಕೆಂದರೆ, ಬಿಗಿಯುವ ಬಳೆಯ ಮೇಲಂಚು ಹೆಡ್ಡಿನ ಮಟ್ಟಕ್ಕಿಂತ ಕೆಳಗೇ ನಿಲ್ಲುವಂತೆ ಮಾಡಲು ವೆಲ್ಡಿಂಗ್‌ನವರಿಗೆ ಹೇಳಿ, ಬೋಲ್ಟಿನ ತಲೆಗಳನ್ನು ಹಿಂಬದಿಗೆ ಕೊಡಿಸಿ. ಇಲ್ಲದಿದ್ದರೆ ಮೊದಲ ದಿನವೇ ಬೆರಳ ಗೆಣ್ಣು ಕಿತ್ತುಬರುತ್ತವೆ.